ಬಾರ್ಚೆಸ್ಟರ್ ಒಳಗೆ ನೋಡು

ಹಂಪಿ ಹೊರಗೆ ನೋಡು, ಉಜ್ಜಿನಿ ಒಳಗೆ ನೋಡು ಎಂಬ ಮಾತು ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯಲ್ಲಿ ಎಲ್ಲರ ಬಾಯಲ್ಲೂ ಇದೆ. ಹಂಪಿಯ ಗುಡಿಗಳ ವೈಭವ ದೂರದಿಂದಲೇ ಕಾಣುತ್ತದೆ. ಉಜ್ಜಿನಿಯ ಮರುಳಸಿದ್ಧೇಶ್ವರ ಗುಡಿಯ ಕೆತ್ತನೆ ಕಾಣಬೇಕಾದರೆ ಒಳಗೆ ಹೋಗಿ ಕತ್ತೆತ್ತಿ ನಿಲ್ಲಬೇಕು. ಧರ್ಮಗುರುಗಳನ್ನು ಕುರಿತ ನಮ್ಮ ಕನ್ನಡದ ಬರವಣಿಗೆಯಲ್ಲಿ ಹೆಚ್ಚಿನದು ಹಂಪಿಯನ್ನು ನೋಡಿದ ಹಾಗೆ ಹೊರಗಿನಿಂದ ನೋಡಿದ್ದು. ಒಂದೋ ಪಾದಪೂಜೆ, ಇಲ್ಲವೇ ಪಾದರಕ್ಷೆಯ ಪೂಜೆ. ಒಳಗೆ ಹೋಗಿ, ನೋಡಿ, ನಕ್ಕು, ನಕ್ಕ ಮೇಲೂ ಆ ಮನುಷ್ಯನ ಮೇಲಿನ ಮಮತೆ ಕಳೆದುಕೊಳ್ಳದೆ ಬರೆದವರು ಕಡಿಮೆ. ಆ ಕೆಲಸ ಮಾಡಿದ ಒಬ್ಬ ಇಂಗ್ಲಿಷ್ ಕಾದಂಬರಿಕಾರನನ್ನು ಮುಂದಿಟ್ಟುಕೊಂಡು ನಮ್ಮ ಮನೆಯ ಮಾತು ಆಡಬೇಕೆಂದಿದ್ದೇವೆ.

ಆಂಟನಿ ಟ್ರೋಲಪ್ (1815-1882) ಅಂಚೆ ಇಲಾಖೆಯ ನೌಕರ. ಬೆಳಗಿನ ಹೊತ್ತು ಗಡಿಯಾರ ಮುಂದಿಟ್ಟುಕೊಂಡು ಕಾಲು ಗಂಟೆಗೆ 250 ಪದದ ಲೆಕ್ಕದಲ್ಲಿ ಬರೆದು, ಆಮೇಲೆ ಕಚೇರಿಯ ಕೆಲಸಕ್ಕೆ ಹೋಗುತ್ತಿದ್ದವನು. ಬಾರ್ಚೆಸ್ಟರ್ ಎಂಬ ಕಲ್ಪನೆಯ ಊರನ್ನೂ ಅದರ ಸುತ್ತಲ ಬಾರ್ಸೆಟ್ ಸೀಮೆಯನ್ನೂ ಕಟ್ಟಿ ಆರು ಕಾದಂಬರಿ ಬರೆದ. 1855ರ ‘ದಿ ವಾರ್ಡನ್’ ಮೊದಲನೆಯದು, 1857ರ ‘ಬಾರ್ಚೆಸ್ಟರ್ ಟವರ್ಸ್’ ಎರಡನೆಯದು, 1867ರಲ್ಲಿ ಬಂದದ್ದು ಕೊನೆಯದು. ಊರಿನ ನಡುವೆ ಕೆಥೆಡ್ರಲ್, ಅಂದರೆ ಬಿಷಪ್ಪರ ಗದ್ದುಗೆ ಇರುವ ದೊಡ್ಡ ಚರ್ಚು. ಅದರ ಸುತ್ತ ಪಾದ್ರಿಗಳ ಮನೆಗಳು. ಆ ಮನೆಗಳಲ್ಲಿ ಯಾರಿಗೆ ಯಾವ ಹುದ್ದೆ, ಯಾವ ಹುದ್ದೆಗೆ ಎಷ್ಟು ವರಮಾನ, ಯಾರ ಹೆಂಡತಿ ಯಾರ ಎದುರು ಎದ್ದು ನಿಲ್ಲಬೇಕು. ಇಷ್ಟೇ ಕತೆ. ಅಂಥ ಊರಿನಲ್ಲಿ ತಾನು ಬಾಳಿದವನೇ ಅಲ್ಲ ಎಂದು ಟ್ರೋಲಪ್ ಆತ್ಮಕಥೆಯಲ್ಲಿ ಒಪ್ಪಿಕೊಂಡಿದ್ದಾನೆ. ಕಚೇರಿ ಒಳಗಿನ ಬಡ್ತಿ, ವರ್ಗಾವಣೆ, ಸಾಹೇಬರ ಸಿಡುಕು ಕಂಡವನಿಗೆ ಚರ್ಚಿನ ಒಳಗನ್ನು ಊಹಿಸುವುದು ಕಷ್ಟವಾಗಲಿಲ್ಲವೆಂದು ಕಾಣುತ್ತದೆ.

‘ಬಾರ್ಚೆಸ್ಟರ್ ಟವರ್ಸ್’ ಶುರುವಾಗುವುದು ಸಾವಿನ ಹಾಸಿಗೆಯ ಪಕ್ಕದಲ್ಲಿ. ಮುದಿ ಬಿಷಪ್ ಕೊನೆಯುಸಿರು ಎಳೆಯುತ್ತಿದ್ದಾರೆ. ಮಗ ಆರ್ಚ್‌ಡೀಕನ್ ಗ್ರಾಂಟ್ಲಿ ಅಪ್ಪನ ಕೈ ಹಿಡಿದು ಕೂತಿದ್ದಾನೆ. ಲಂಡನ್ನಿನಲ್ಲಿ ಸರ್ಕಾರ ಬೀಳುವುದರಲ್ಲಿದೆ. ಈಗಿನ ಪ್ರಧಾನಿ ಇರುವಾಗಲೇ ಅಪ್ಪ ತೀರಿಕೊಂಡರೆ ಗದ್ದುಗೆ ಮಗನಿಗೆ. ನಾಲ್ಕು ದಿನ ತಡವಾದರೆ ಬೇರೆಯವರಿಗೆ. ಅಪ್ಪನ ಸಾವನ್ನು ತಾನು ಬಯಸುತ್ತಿದ್ದೇನೆಯೇ ಎಂದು ಅವನು ತನ್ನನ್ನೇ ಕೇಳಿಕೊಳ್ಳುತ್ತಾನೆ, ಹೆದರಿ ಮಂಡಿಯೂರಿ ಕ್ಷಮೆ ಬೇಡುತ್ತಾನೆ. ಅಪ್ಪ ಹೋದ ಮೇಲೆ ಅತ್ತದ್ದೂ ನಿಜ, ಕಣ್ಣೊರೆಸಿಕೊಂಡು ಪ್ರಧಾನಿಗೆ ತಂತಿ ಕಳಿಸಲು ಮಾವ ಹಾರ್ಡಿಂಗರನ್ನು ಓಡಿಸಿದ್ದೂ ನಿಜ. ಸರ್ಕಾರ ಆಗಲೇ ಬಿದ್ದಿತ್ತು. ಗದ್ದುಗೆ ಪ್ರೌಡಿ ಎಂಬವರ ಪಾಲಾಯಿತು. ಈ ಭಾಗವನ್ನು ನಾವು ಹಲವು ಸಲ ಓದಿದ್ದೇವೆ. ನಮ್ಮ ಕಡೆಯ ಕತೆಗಾರರ ಕೈಗೆ ಇದು ಸಿಕ್ಕಿದ್ದರೆ ಮಗನನ್ನು ನೀಚನನ್ನಾಗಿ ಮಾಡಿ ಮುಗಿಸುತ್ತಿದ್ದರು. ಟ್ರೋಲಪ್ ಅವನ ಆಸೆಯನ್ನೂ ದುಃಖವನ್ನೂ ಒಂದೇ ಮಂಚದ ಬಳಿ ಕೂರಿಸಿ, ಅವನ ಜಾಗದಲ್ಲಿ ನೀವಿದ್ದರೆ ಏನು ಮಾಡುತ್ತಿದ್ದಿರಿ ಎಂಬಂತೆ ನಮ್ಮ ಮುಖ ನೋಡುತ್ತಾನೆ.

ಮುಂದಿನದು ನಗೆಯ ಸಂತೆ. ಹೊಸ ಬಿಷಪ್ ಪ್ರೌಡಿ ಸಾಧು, ಆಡಳಿತವೆಲ್ಲ ಹೆಂಡತಿಯದು. ಅವಳ ಕೃಪೆಯಿಂದ ಬಂದ ಸ್ಲೋಪ್ ಎಂಬ ಎಣ್ಣೆಮಾತಿನ ಯುವ ಪಾದ್ರಿ ಮೊದಲ ಪ್ರವಚನದಲ್ಲೇ ಕೆಥೆಡ್ರಲಿನಲ್ಲಿ ಪ್ರಾರ್ಥನೆಯನ್ನು ರಾಗವಾಗಿ ಹಾಡುವ ಪದ್ಧತಿಯನ್ನು ಹಳಿಯುತ್ತಾನೆ. ಆ ಗಾಯನದ ಮುಖ್ಯಸ್ಥರು ಅದೇ ಹಾರ್ಡಿಂಗ್ ಅಜ್ಜ. ಊರೆಲ್ಲ ಎರಡು ಪಾಳಯವಾಗುತ್ತದೆ. ಸ್ಟಾನ್‌ಹೋಪ್ ಎಂಬ ಪಾದ್ರಿ ಗಂಟಲು ನೋವಿನ ನೆಪ ಹೇಳಿ ಇಟಲಿಗೆ ಹೋಗಿ ಹನ್ನೆರಡು ವರ್ಷ ಚಿಟ್ಟೆ ಹಿಡಿಯುತ್ತ ಕೂತಿದ್ದಾರೆ. ಸಂಬಳ ಮಾತ್ರ ಬಾರ್ಚೆಸ್ಟರಿನದು. ಕೆಥೆಡ್ರಲಿನ ಡೀನ್ ಹಾಸಿಗೆ ಹಿಡಿದರೆ ಅವರ ಕುರ್ಚಿಗೆ ಆಗಲೇ ಲೆಕ್ಕಾಚಾರ. ಕಡೆಗೆ ಸ್ಲೋಪ್ ಹಣವಂತ ವಿಧವೆಯೊಬ್ಬಳಿಗೆ ಪ್ರೇಮ ನಿವೇದಿಸಲು ಹೋಗಿ ಕಪಾಳಕ್ಕೆ ಏಟು ತಿಂದು ಊರು ಬಿಡುತ್ತಾನೆ. ಐನೂರು ಪುಟ ತಿರುವಿದರೂ ದೇವರು ಇದ್ದಾನೋ ಇಲ್ಲವೋ, ಮೋಕ್ಷ ಯಾರಿಗೆ ಎಂಬ ಜಗಳ ಒಂದೂ ಇಲ್ಲ. ಕುರ್ಚಿ, ಮನೆ, ವರಮಾನ, ರಾಗ ಇವುಗಳದ್ದೇ ಜಗಳ. ಇದನ್ನು ಧರ್ಮದ ಲೇವಡಿ ಎಂದವರು ಟ್ರೋಲಪ್ಪನನ್ನು ಸರಿಯಾಗಿ ಓದಿಲ್ಲ ಎಂದೇ ನಮ್ಮ ಅಭಿಪ್ರಾಯ. ಧರ್ಮಕ್ಕೆ ಕಚೇರಿಯೊಂದು ಇರುತ್ತದೆ, ಕಚೇರಿ ಇದ್ದಲ್ಲಿ ಮನುಷ್ಯರು ಹೀಗೇ ಇರುತ್ತಾರೆ ಎಂಬುದಷ್ಟೇ ಅವನ ಕಾಣ್ಕೆ.

ಇಂಥ ಸರಕು ನಮ್ಮಲ್ಲಿ ಇಲ್ಲವೇ? ಸೀಮೆ ತುಂಬ ಇದೆ. ಅಡ್ಡಪಲ್ಲಕ್ಕಿಯನ್ನೇ ತೆಗೆದುಕೊಳ್ಳಿ. ಸಾಮಾನ್ಯ ಪಲ್ಲಕ್ಕಿ ಬೀದಿಯ ಉದ್ದಕ್ಕೆ ಹೋಗುತ್ತದೆ. ಅಡ್ಡಪಲ್ಲಕ್ಕಿ ಬೀದಿಗೆ ಅಡ್ಡಲಾಗಿ ಹೋಗುತ್ತದೆ, ಎದುರಿನಿಂದ ಯಾರೂ ದಾಟುವಂತಿಲ್ಲ. ಇದು ದೊಡ್ಡ ಗುರುಪೀಠಗಳ ಗೌರವದ ಗುರುತು. ಯಾರಿಗೆ ಈ ಹಕ್ಕು ಎಂಬ ಜಗಳ ಕನ್ನಡ ನಾಡಿನಲ್ಲಿ ಎಷ್ಟು ಬೆಳೆಯಿತೆಂದರೆ, ಶಂಕರ ಭಾರತಿ ಸ್ವಾಮಿಗಳಿಗೂ ಸಿದ್ಧಲಿಂಗಯ್ಯ ಚರಂತಿ ಎಂಬ ಲಿಂಗಾಯತ ಗುರುಗಳಿಗೂ ನಡೆದ ವ್ಯಾಜ್ಯ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ಹೋಯಿತು. ವರ್ಷ 1843. ವಿಲಾಯತಿಯ ನ್ಯಾಯಮೂರ್ತಿಗಳು ಕನ್ನಡದ ಗುರುವೊಬ್ಬರು ಪಲ್ಲಕ್ಕಿಯಲ್ಲಿ ಉದ್ದಕ್ಕೆ ಹೋಗಬೇಕೋ ಅಡ್ಡಕ್ಕೆ ಹೋಗಬೇಕೋ ಎಂಬ ಕಾಗದಗಳನ್ನು ಓದುತ್ತ ಕೂತಿದ್ದ ದೃಶ್ಯವನ್ನು ಓದುಗರು ಒಮ್ಮೆ ಕಣ್ಣಮುಂದೆ ತಂದುಕೊಳ್ಳಲಿ. ಟ್ರೋಲಪ್ ಆಗಿನ್ನೂ ಒಂದು ಕಾದಂಬರಿಯನ್ನೂ ಅಚ್ಚು ಹಾಕಿಸಿರಲಿಲ್ಲ.

ಉಜ್ಜಿನಿಯ ಹೆಸರೇ ಇನ್ನೊಂದು ಕತೆ. ವೀರಶೈವ ಪಂಚಪೀಠಗಳಲ್ಲಿ ಒಂದು ಈಗಿನ ಕೊಟ್ಟೂರು ತಾಲೂಕಿನ ಉಜ್ಜಿನಿಯಲ್ಲಿದೆ. ಇತ್ತ ಸಿರಿಗೆರೆಯ ತರಳಬಾಳು ಜಗದ್ಗುರುಗಳ ಬಿರುದಿನಲ್ಲೂ ಉಜ್ಜಯಿನಿ ಸದ್ಧರ್ಮ ಸಿಂಹಾಸನ ಎಂಬ ಮಾತಿದೆ. ಹನ್ನೆರಡನೆಯ ಶತಮಾನದ ಮರುಳಸಿದ್ಧರಿಂದ ಬಂದ ಪೀಠ ಮೊದಲು ಉಜ್ಜಿನಿಯಲ್ಲಿತ್ತು, ವಿರೋಧದಿಂದಾಗಿ ಅಲ್ಲಿಂದ ಹೊರಡಬೇಕಾಯಿತು ಎಂಬುದು ಆ ಪರಂಪರೆಯ ಹೇಳಿಕೆ. 2023ರ ತರಳಬಾಳು ಹುಣ್ಣಿಮೆ ನಡೆದದ್ದು ಕೊಟ್ಟೂರಿನಲ್ಲಿ. ಇದರಲ್ಲಿ ಯಾರದು ಸರಿ ಎಂದು ಹೇಳುವುದು ನಮ್ಮ ಕೆಲಸವಲ್ಲ, ಆ ಅಧಿಕಾರವೂ ನಮಗಿಲ್ಲ. ಒಂದು ಸಣ್ಣ ಊರಿನ ಹೆಸರು ಎರಡು ಸಿಂಹಾಸನಗಳನ್ನು ಹೊತ್ತು ನಿಂತಿದೆಯಲ್ಲ, ಅದರ ಸುತ್ತ ಎಷ್ಟು ಮನುಷ್ಯರ ನಡೆನುಡಿ, ಮುನಿಸು, ಆಮಂತ್ರಣ ಪತ್ರಿಕೆಯಲ್ಲಿ ಯಾರ ಹೆಸರು ಮೇಲೆ ಎಂಬ ರಾತ್ರಿಯ ಚರ್ಚೆಗಳು ಇದ್ದಿರಬಹುದು ಎಂಬುದಷ್ಟೇ ಕತೆಗಾರರಾದ ನಮ್ಮ ಕುತೂಹಲ.

ಪಕ್ಕದ ಮನೆಯ ಪಲ್ಲಕ್ಕಿ ನೋಡಿ ನಕ್ಕು ಸುಮ್ಮನಾಗುವುದು ಸಭ್ಯತೆಯಲ್ಲ. ನಮ್ಮ ಮನೆಯದನ್ನೂ ಹೇಳಬೇಕು. 1885ರಲ್ಲಿ ಅಲಹಾಬಾದ್ ಹೈಕೋರ್ಟಿನ ಮುಂದೆ ಬಂದ ಒಂದು ಮೊಕದ್ದಮೆಯ ವಿಷಯ, ನಮಾಜಿನಲ್ಲಿ ‘ಆಮೀನ್’ ಎಂಬುದನ್ನು ಜೋರಾಗಿ ಹೇಳಬಹುದೇ, ಮೆಲ್ಲಗೆ ಹೇಳಬೇಕೇ ಎಂಬುದು. ಮಸೀದಿಯಲ್ಲಿ ಜೋರಾಗಿ ಹೇಳಿದ ರಮಜಾನ್ ಎಂಬವನ ಮೇಲೆ ಕ್ರಿಮಿನಲ್ ಖಟ್ಲೆ ಹಾಕಿದ್ದರು. ಸರ್ ಸೈಯದರ ಮಗ ನ್ಯಾಯಮೂರ್ತಿ ಸೈಯದ್ ಮಹಮೂದ್ ಅದರ ಮೇಲೆ ಉದ್ದನೆಯ ಅಭಿಪ್ರಾಯ ಬರೆದರು. ಅಲ್ಲಿ ಪಲ್ಲಕ್ಕಿ ಅಡ್ಡ, ಇಲ್ಲಿ ಆಮೀನ್ ಜೋರು! ಈಗಲೂ ನಮ್ಮ ತಾಲೂಕುಗಳ ಮಸೀದಿಗಳಿಗೆ ಬನ್ನಿ. ಇಕಾಮತ್ ಶುರುವಾದ ಕೂಡಲೇ ಎದ್ದು ನಿಲ್ಲುವವರು ಒಂದು ಬಣ, ‘ಹಯ್ಯ ಅಲಲ್ ಫಲಾಹ್’ ಕೇಳುವವರೆಗೂ ಕೂತೇ ಇರುವವರು ಇನ್ನೊಂದು ಬಣ. ನಮಾಜಿನ ನಂತರ ನಿಂತು ಸಲಾಮ್ ಓದಬೇಕೇ ಬೇಡವೇ ಎಂಬುದರ ಮೇಲೆ ಆಡಳಿತ ಕಮಿಟಿಯ ಚುನಾವಣೆ ನಿಂತಿರುತ್ತದೆ. ಚಂದ್ರ ಕಂಡ ಸುದ್ದಿಯನ್ನು ಯಾರ ಫೋನಿನಿಂದ ಬಂದರೆ ನಂಬಬೇಕು ಎಂಬ ಜಗಳದಲ್ಲಿ ಒಂದೇ ಓಣಿಯ ಒಂದು ಮನೆಯಲ್ಲಿ ಶೀರ್‌ಕುರ್ಮಾ, ಮತ್ತೊಂದರಲ್ಲಿ ಸಹರಿ. ಸ್ಲೋಪ್ ಮಹಾಶಯ ಒಂದು ಶುಕ್ರವಾರ ಇಲ್ಲಿ ಬಯಾನ್ ಮಾಡಿ ಹೋಗಿದ್ದರೆ ಯಾರಿಗೂ ಅವನು ಹೊರಗಿನವನೆಂದು ಅನ್ನಿಸುತ್ತಿರಲಿಲ್ಲ.

ಉರ್ದು ಓದಿದವರು ಇಲ್ಲಿ ತಡೆದು ಹೇಳಬಹುದು: ನಮ್ಮ ಶಾಯರಿಯಲ್ಲಿ ಶೇಖ್, ವಾಯಿಜ್, ಜಾಹಿದ್ ಇವರನ್ನು ಗೇಲಿ ಮಾಡದ ಕವಿಯೇ ಇಲ್ಲವಲ್ಲ, ಗಾಲಿಬನಿಂದ ಅಕ್ಬರ್ ಅಲಹಾಬಾದಿಯವರೆಗೆ? ನಿಜ. ಚಿಕ್ಕಂದಿನಲ್ಲಿ ಉರ್ದು ಶಾಲೆಯಲ್ಲಿ ಅವನ್ನೇ ಬಾಯಿಪಾಠ ಮಾಡಿ ಬೆಳೆದವರು ನಾವು. ಆದರೆ ಗಜಲಿನ ವಾಯಿಜನಿಗೆ ಹೆಸರಿಲ್ಲ. ಊರಿಲ್ಲ, ಹೆಂಡತಿಯಿಲ್ಲ, ಸಂಬಳವಿಲ್ಲ, ಮನೆ ಬಾಡಿಗೆಯ ಚಿಂತೆಯಿಲ್ಲ. ಅವನೊಂದು ಗೊಂಬೆ, ಹೊಡೆಸಿಕೊಳ್ಳಲೆಂದೇ ಇರುವವನು. ಮುಶಾಯರಾದ ಮೊದಲ ಸಾಲಿನಲ್ಲಿ ಕೂತ ನಿಜವಾದ ಮೌಲವಿ ಸಾಹೇಬರೂ ಆ ಶೇರ್‌ಗೆ ವಾಹ್ ಎನ್ನುತ್ತಾರೆ, ಏಕೆಂದರೆ ಅದು ತಮ್ಮ ಮೇಲಿನದಲ್ಲ ಎಂದು ಅವರಿಗೆ ಗೊತ್ತು. ಬಾರ್ಚೆಸ್ಟರಿನಲ್ಲಿ ಕ್ವಿವರ್‌ಫುಲ್ ಎಂಬ ಪಾದ್ರಿಗೆ ಹದಿನಾಲ್ಕು ಮಕ್ಕಳು, ವರಮಾನ ವರ್ಷಕ್ಕೆ 400 ಪೌಂಡು. ಮಕ್ಕಳ ಸಂಖ್ಯೆಯನ್ನೂ ಪೌಂಡಿನ ಮೊತ್ತವನ್ನೂ ಹೇಳಿದ ಮೇಲೆ ಗೊಂಬೆ ಗೊಂಬೆಯಾಗಿ ಉಳಿಯುವುದಿಲ್ಲ. ಗಜಲಿಗೂ ಕಾದಂಬರಿಗೂ ಇರುವ ಅಂತರ ಇದೇ.

ಲೆಕ್ಕದ ಮಾತು ಬಂದದ್ದರಿಂದ ‘ದಿ ವಾರ್ಡನ್’ ಬಗ್ಗೆ ಹೇಳಲೇಬೇಕು. ನಮ್ಮ ಓದುಗರಿಗೆ ‘ಬಾರ್ಚೆಸ್ಟರ್ ಟವರ್ಸ್’ಗಿಂತಲೂ ಹತ್ತಿರದ್ದು ಇದು. 1434ರಲ್ಲಿ ಜಾನ್ ಹೈರಂ ಎಂಬ ಉಣ್ಣೆ ವ್ಯಾಪಾರಿ ತನ್ನ ಜಮೀನನ್ನು ಹನ್ನೆರಡು ಮಂದಿ ಬಡ ಮುದುಕರ ಪೋಷಣೆಗೆಂದು ಬರೆದಿಟ್ಟು ಸಾಯುತ್ತಾನೆ. ನಾಲ್ಕು ಶತಮಾನದಲ್ಲಿ ಹೊಲಗಳಿದ್ದ ಜಾಗದಲ್ಲಿ ಮನೆಗಳೆದ್ದು ಬಾಡಿಗೆ ಬೆಳೆಯುತ್ತದೆ. ಮುದುಕರಿಗೆ ದಿನಕ್ಕೆ ಒಂದು ಶಿಲಿಂಗ್ ನಾಲ್ಕು ಪೆನ್ಸ್. ಉಸ್ತುವಾರಿ ನೋಡುವ ವಾರ್ಡನ್ನಿಗೆ ವರ್ಷಕ್ಕೆ 800 ಪೌಂಡ್ ಮತ್ತು ಚೆಂದದ ಮನೆ. ಇದು ವಕ್ಫ್ ಅಲ್ಲದೆ ಇನ್ನೇನು? ಹೈರಂ ವಾಕಿಫ್, ಅವನ ಉಯಿಲು ವಕ್ಫ್‌ನಾಮಾ, ವಾರ್ಡನ್ ಮುತವಲ್ಲಿ. ವಾರ್ಡನ್ ಆಗಿರುವವರು ಸಾಧು ಹಾರ್ಡಿಂಗರೇ. ಕೈಯಿಂದ ದಿನಕ್ಕೆ ಎರಡೆರಡು ಪೆನ್ಸ್ ಸೇರಿಸಿ ಕೊಡುತ್ತಿದ್ದವರು. ಸುಧಾರಕ ಯುವಕನೊಬ್ಬ ಪ್ರಶ್ನೆ ಎತ್ತುತ್ತಾನೆ, ಪತ್ರಿಕೆಯೊಂದು ಕೈಹಾಕುತ್ತದೆ, ಮುದುಕರಿಗೆ ವರ್ಷಕ್ಕೆ ನೂರು ಪೌಂಡಿನ ಆಸೆ ಹುಟ್ಟುತ್ತದೆ. ಮನಸ್ಸು ನೊಂದು ಹಾರ್ಡಿಂಗ್ ರಾಜೀನಾಮೆ ಕೊಡುತ್ತಾರೆ. ಆಮೇಲೆ? ಹೊಸ ವಾರ್ಡನ್ ಬರುವುದಿಲ್ಲ. ತೋಟ ಹಾಳು ಬೀಳುತ್ತದೆ. ಮುದುಕರು ಒಬ್ಬೊಬ್ಬರಾಗಿ ಸಾಯುತ್ತಾರೆ, ಅವರ ಜಾಗಕ್ಕೆ ಯಾರನ್ನೂ ತುಂಬುವುದಿಲ್ಲ. ಎರಡು ಪೆನ್ಸೂ ಹೋಯಿತು. 2024ರ ಕೊನೆಯಲ್ಲಿ ವಿಜಯಪುರದ ರೈತರ ಪಹಣಿ ವಿವಾದ, 2025ರ ವಕ್ಫ್ ತಿದ್ದುಪಡಿ ಕಾಯ್ದೆ, ಇವುಗಳ ನಡುವೆ ಈ ಪುಸ್ತಕವನ್ನು ಮತ್ತೆ ತೆಗೆದು ಓದಿದೆವು. ಮುತವಲ್ಲಿಗಳ ಕೈಯಲ್ಲಿ ಆಸ್ತಿ ಕರಗಿದ್ದು ಸುಳ್ಳಲ್ಲ. ಸುಧಾರಿಸುತ್ತೇವೆಂದು ಬಂದವರ ಕಣ್ಣು ಮುದುಕರ ಮೇಲಿದೆಯೋ ಜಮೀನಿನ ಮೇಲಿದೆಯೋ ಎಂಬ ಅನುಮಾನವೂ ಸುಳ್ಳಲ್ಲ. ಟ್ರೋಲಪ್ ಎರಡನ್ನೂ ಹೇಳಿದ. ನಮ್ಮಲ್ಲಿ ಎರಡನ್ನೂ ಹೇಳುವವನಿಗೆ ಎರಡೂ ಕಡೆ ಕುರ್ಚಿಯಿಲ್ಲ.

ಮೇಲಿನ ಸರ್ಕಾರ ಬದಲಾದರೆ ಬಾರ್ಚೆಸ್ಟರಿನ ಗದ್ದುಗೆ ಬದಲಾಗುತ್ತದೆ ಎಂದೆವಲ್ಲ, ಹರಪನಹಳ್ಳಿಯವರಿಗೆ ಇದರ ಅನುಭವ ಬೇರೆ ಬಗೆಯಲ್ಲಿ ಉಂಟು. ಊರು ಇದ್ದಲ್ಲೇ ಇದ್ದು 1997ರಲ್ಲಿ ಬಳ್ಳಾರಿಯಿಂದ ದಾವಣಗೆರೆ ಜಿಲ್ಲೆಗೆ, 2018ರಲ್ಲಿ ಮತ್ತೆ ಬಳ್ಳಾರಿಗೆ, 2021ರಲ್ಲಿ ವಿಜಯನಗರ ಜಿಲ್ಲೆಗೆ ಹೋಯಿತು. ಪ್ರತಿ ಸಲವೂ ಮಸೀದಿ ದರ್ಗಾಗಳ ಕಾಗದ ಹಿಡಿದು ಯಾವ ಊರಿನ ವಕ್ಫ್ ಕಚೇರಿಯ ಮುಂದೆ ನಿಲ್ಲಬೇಕು, ಯಾವ ಸಾಹೇಬರಿಗೆ ಸಲಾಮ್ ಹೊಡೆಯಬೇಕು ಎಂಬುದೂ ಬದಲಾಯಿತು. ಇದನ್ನು ಯಾರಾದರೂ ಬರೆದರೆ ಓದಲು ಎಷ್ಟು ಚೆನ್ನ!

ಕನ್ನಡದಲ್ಲಿ ಈ ದಾರಿಯಲ್ಲಿ ನಡೆದವರು ಇಲ್ಲವೆಂದಲ್ಲ. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ (1899), ಅದರ ಹಿಂದೆಯೇ ಬಂದ ಬೋಳಾರ ಬಾಬುರಾಯರ ‘ವಾಗ್ದೇವಿ’ (1905) ಎರಡೂ ಕರಾವಳಿಯ ಕಾದಂಬರಿಗಳು. ‘ವಾಗ್ದೇವಿ’ಯಲ್ಲಿ ಮಠದ ಒಳಗಿನ ಆಡಳಿತ, ಯತಿಯ ಮೋಹ, ಅಧಿಕಾರಿಗಳ ಒಳಸಂಚು ಎಲ್ಲ ಇದೆ. ಲೇಖಕರಿಗೆ ಮಠ ಗೊತ್ತು, ಆದರೆ ಅವರ ಮನಸ್ಸು ಹೆಚ್ಚಾಗಿ ಸುಧಾರಕನದು. ನಗುವ ಮೊದಲೇ ತೀರ್ಪು ಬಂದುಬಿಡುತ್ತದೆ. ಅನಂತಮೂರ್ತಿಯವರ ‘ಸಂಸ್ಕಾರ’ದಲ್ಲಿ (1965) ಹೆಣದ ಮುಂದೆ ಚಂದ್ರಿ ಚಿನ್ನ ಬಿಚ್ಚಿಟ್ಟ ಕೂಡಲೇ, ಅದುವರೆಗೆ ಸಂಸ್ಕಾರ ಮಾಡಲು ಒಲ್ಲೆನೆನ್ನುತ್ತಿದ್ದ ಗರುಡಾಚಾರ್ಯ ಲಕ್ಷ್ಮಣಾಚಾರ್ಯರಿಗೆ ಆ ಹಕ್ಕು ತನ್ನದೇ ಎಂಬ ಪೈಪೋಟಿ ಹತ್ತುತ್ತದೆ. ಶುದ್ಧ ಬಾರ್ಚೆಸ್ಟರ್! ಕಾದಂಬರಿ ಆಮೇಲೆ ಪ್ರಾಣೇಶಾಚಾರ್ಯರ ಬೆನ್ನು ಹತ್ತಿ ಕಾಡಿಗೆ ಹೋಗಿಬಿಡುತ್ತದೆ. ಅದು ಅದರ ದಾರಿ, ತಪ್ಪೆನ್ನುವುದಿಲ್ಲ. ಆದರೂ ಅಗ್ರಹಾರದಲ್ಲಿ ಇನ್ನು ನಾಲ್ಕು ದಿನ ಇದ್ದಿದ್ದರೆ ಎಂದು ನಮಗೆ ಆಸೆ. ಕೊಟ್ಟೂರಿನವರೇ ಆದ ಕುಂ. ವೀರಭದ್ರಪ್ಪನವರ ನಗೆ ಬೇರೆ ಜಾತಿಯದು, ಬಿರುಗಾಳಿಯಂಥದ್ದು. ಅದರಲ್ಲಿ ಸ್ವಾಮಿ, ಗೌಡ, ಅಮಲ್ದಾರ ಎಲ್ಲರ ಮುಂಡಾಸವೂ ಒಟ್ಟಿಗೆ ಹಾರುತ್ತದೆ. ಹಾರಿದ ಮುಂಡಾಸದ ಒಳಗೆ ಎಷ್ಟು ಸಾಲವಿತ್ತು ಎಂದು ಕೇಳುವ ಪುರುಸೊತ್ತು ಬಿರುಗಾಳಿಗೆ ಇರುವುದಿಲ್ಲ.

ನಮ್ಮವರಲ್ಲಿ ಸಾರಾ ಅಬೂಬಕ್ಕರ್ ಅವರ ‘ಚಂದ್ರಗಿರಿಯ ತೀರದಲ್ಲಿ’ ಮೂಲತಃ ನೋವಿನ ಕೃತಿ, ಅಲ್ಲಿ ನಗೆಗೆ ಎಡೆಯಿಲ್ಲ. ಬಾನು ಮುಷ್ತಾಕ್ ಅವರು ಹೆಚ್ಚು ಹತ್ತಿರ ಬಂದಿದ್ದಾರೆ. ಅವರ ‘ಬೆಂಕಿ ಮಳೆ’ ಕತೆಯ ಮುತವಲ್ಲಿ ಆಸ್ತಿಯ ಪಾಲು ಕೇಳಿ ಬಂದ ತಂಗಿಯಿಂದ ತಪ್ಪಿಸಿಕೊಳ್ಳಲು ಊರ ಹೆಣವೊಂದರ ದಫನ್ನಿನ ಹೋರಾಟವನ್ನು ಹೆಗಲಿಗೇರಿಸಿಕೊಳ್ಳುತ್ತಾನೆ. ಸಾರ್ವಜನಿಕ ಧರ್ಮಾವೇಶದ ಹಿಂದೆ ಮನೆಯೊಳಗಿನ ಪಾಲಿನ ಪ್ರಶ್ನೆ ಅಡಗಿರುವುದನ್ನು ಇಷ್ಟು ನವಿರಾಗಿ ತೋರಿಸಿದ ಕತೆ ನಮ್ಮಲ್ಲಿ ವಿರಳ. 2025ರ ಅಂತರರಾಷ್ಟ್ರೀಯ ಬೂಕರ್ ಬಂದ ಮೇಲೆ ಎಲ್ಲರೂ ಅವರ ಧೈರ್ಯವನ್ನು ಹೊಗಳಿದರು. ಅವರ ಹಾಸ್ಯವನ್ನು ಹೊಗಳಿದವರು ಕಡಿಮೆ. ಮುಸ್ಲಿಂ ಲೇಖಕಿಯಿಂದ ಜನ ಬಯಸುವುದು ಅಳು ಅಥವಾ ಬಂಡಾಯ. ಅವರು ನಗಿಸಲೂ ಬಲ್ಲರೆಂದು ಒಪ್ಪಲು ವಿಮರ್ಶಕರಿಗೂ ಸಂಕೋಚ.

ಇಲ್ಲೇ ನಮ್ಮ ನಿಜವಾದ ತೊಡಕು ಇರುವುದು. ಟ್ರೋಲಪ್ ನಕ್ಕದ್ದು ರಾಜಾಶ್ರಯವಿದ್ದ ಚರ್ಚನ್ನು ನೋಡಿ. ಅದರ ಬಿಷಪ್ಪರು ಪಾರ್ಲಿಮೆಂಟಿನಲ್ಲಿ ಕೂರುತ್ತಿದ್ದರು. ಅವನ ನಗೆಯಿಂದ ಒಂದು ಹೆಂಚೂ ಉದುರುವಂತಿರಲಿಲ್ಲ, ಅದು ಅವನಿಗೂ ಗೊತ್ತಿತ್ತು, ಬಿಷಪ್ಪರಿಗೂ ಗೊತ್ತಿತ್ತು. ನಮ್ಮ ಮಸೀದಿಯ ಇಬ್ಬರು ಮೌಲವಿಗಳ ಜಗಳವನ್ನು ನಾವು ಪ್ರೀತಿಯಿಂದಲೇ ಬರೆದರೂ, ಮರುದಿನ ಅದರ ಎರಡು ಸಾಲು ಕತ್ತರಿಸಿ ‘ಇವರು ಹೀಗೆಯೇ, ಇವರವರೇ ಹೇಳಿದ್ದಾರೆ’ ಎಂದು ಫೋನಿನಿಂದ ಫೋನಿಗೆ ಹಾರಿಸುವವರು ಕಾದಿರುತ್ತಾರೆ. ಹಾಗೆ ಚಪ್ಪಾಳೆ ತಟ್ಟುವವರ ಮುಖ ನೆನೆದೇ ಎಷ್ಟೋ ಕತೆಗಳನ್ನು ನಾವು ಬರೆಯದೆ ಬಿಟ್ಟಿದ್ದೇವೆ. ಬಹುಸಂಖ್ಯಾತರ ಮನೆಯಲ್ಲಾದರೂ ಇದು ಸುಲಭವೇ ಎಂದರೆ ಅದೂ ಇಲ್ಲ. ಶರಣರ ಕುರಿತ ಪಿ.ವಿ. ನಾರಾಯಣ ಅವರ ‘ಧರ್ಮಕಾರಣ’ ಕಾದಂಬರಿಗೆ ಸರ್ಕಾರ ಹಾಕಿದ ನಿಷೇಧವನ್ನು 2007ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು; ಅದು ಹಾಸ್ಯದ ಪುಸ್ತಕವೂ ಆಗಿರಲಿಲ್ಲ. ಆದರೆ ಅವರ ಅಂಜಿಕೆ ಒಳಗಿನವರದು ಮಾತ್ರ. ನಮಗೆ ಒಳಗಿನವರದೂ ಹೊರಗಿನವರದೂ ಎರಡೂ ಇದೆ. ಹಾಗಾಗಿ ನಮ್ಮ ಕತೆಗಳಲ್ಲಿ ಮೌಲವಿಗಳು ಒಂದೋ ಫತ್ವಾ ಹೊರಡಿಸುವ ಕಲ್ಲುಮುಖದವರು, ಇಲ್ಲವೇ ಅತ್ತರ್ ಪೂಸಿಕೊಂಡ ಭಾವೈಕ್ಯದ ಮೂರ್ತಿಗಳು. ಪ್ರಶಸ್ತಿಗೆ ಎರಡೂ ಅನುಕೂಲ.

ಅಂಜಿಕೆಗೆ ಕಾರಣವಿದೆ ಎಂದು ಒಪ್ಪಿದ ಮೇಲೂ ಒಂದು ಮಾತು ಉಳಿಯುತ್ತದೆ. ನಗೆ ಇಲ್ಲದೆ ಹೋದಾಗ ಮರೆಯಾಗುವವರು ದೊಡ್ಡವರಲ್ಲ, ಸಣ್ಣವರು. ಫತ್ವಾ ಕೊಡುವವರ ಚಿತ್ರ ಪತ್ರಿಕೆಯಲ್ಲಿ ಹೇಗೂ ಬರುತ್ತದೆ. ಕಾಣದೆ ಹೋಗುವುದು ಪೇಶ್ ಇಮಾಮರು, ಮುಅಜ್ಜಿನರು. ವಕ್ಫ್ ಮಂಡಳಿಗಳು ಇಮಾಮರಿಗೆ ಸಂಬಳ ಕೊಡಬೇಕೆಂದು ಸುಪ್ರೀಂ ಕೋರ್ಟ್ ಹೇಳಿದ್ದು 1993ರಲ್ಲಿ. ಕರ್ನಾಟಕದ 2025-26ರ ಬಜೆಟ್ಟಿನಲ್ಲಿ ಪೇಶ್ ಇಮಾಮರ ಗೌರವಧನ ತಿಂಗಳಿಗೆ 6,000 ರೂಪಾಯಿ, ಮುಅಜ್ಜಿನರದು 5,000 ಎಂದು ಘೋಷಿಸಿದರು. ಇಷ್ಟರಲ್ಲಿ ಸಂಸಾರ ಮಾಡುತ್ತ, ಎರಡು ಬಣಗಳ ನಡುವೆ ಯಾವ ಹೊತ್ತಿಗೆ ಎದ್ದು ನಿಂತರೆ ಕೆಲಸ ಉಳಿಯುತ್ತದೆಂದು ಲೆಕ್ಕ ಹಾಕುವ ಮನುಷ್ಯ ನಮ್ಮ ಕ್ವಿವರ್‌ಫುಲ್.

ಆ ಕ್ವಿವರ್‌ಫುಲ್ಲರ ಹೆಂಡತಿಯ ಅಧ್ಯಾಯ ಒಂದಿದೆ. ಹೈರಂ ಆಸ್ಪತ್ರೆಯ ವಾರ್ಡನ್ ಹುದ್ದೆ ತನ್ನ ಗಂಡನಿಗೆ ಬಂದದ್ದು ಸ್ಲೋಪನ ತಂತ್ರದಿಂದ ಮತ್ತೆ ಕೈತಪ್ಪುವಂತಾಗಿದೆ ಎಂದು ತಿಳಿದಾಗ ಅವಳು ಅಳುತ್ತ ಕೂರುವುದಿಲ್ಲ. ಗಂಡ ಸಂಕೋಚದಲ್ಲಿ ಹಿಂದೆ ಮುಂದೆ ನೋಡುತ್ತಿರುವಾಗ, ಪಕ್ಕದ ರೈತನ ಗಾಡಿಯಲ್ಲಿ ಹತ್ತಿ ಕೂತು ಬಾರ್ಚೆಸ್ಟರಿಗೆ ಹೋಗಿ ಬಿಷಪ್ಪರ ಮನೆಯ ಬಾಗಿಲು ತಟ್ಟುತ್ತಾಳೆ. ಹದಿನಾಲ್ಕು ಮಕ್ಕಳ ಹೊಟ್ಟೆಯ ಮಾತನ್ನು ಅವಳು ಹೇಳಿದ್ದು ಬಿಷಪ್ಪರಿಗಲ್ಲ, ಊರೆಲ್ಲ ಹೆದರುವ ಶ್ರೀಮತಿ ಪ್ರೌಡಿಗೆ. ಅದುವರೆಗೆ ನಮ್ಮ ನಗೆಗೆ ಗುರಿಯಾಗಿದ್ದ ಆ ಗಯ್ಯಾಳಿ ಹೆಂಗಸು ಒಂದು ಕ್ಷಣ ಮೆತ್ತಗಾಗುತ್ತಾಳೆ, ಗಂಡನ ಕೋಣೆಗೆ ನುಗ್ಗಿ ಕೆಲಸ ಮಾಡಿಸುತ್ತಾಳೆ. ಸ್ಲೋಪನ ಮೇಲಿನ ಹಗೆಯಿಂದ ಮಾಡಿದಳೋ, ಕರುಣೆಯಿಂದ ಮಾಡಿದಳೋ, ಟ್ರೋಲಪ್ ಬಿಡಿಸಿ ಹೇಳುವುದಿಲ್ಲ. ಹಗರಿಬೊಮ್ಮನಹಳ್ಳಿಯ ಬಸ್ಸಿನಲ್ಲಿ ಬುರ್ಖಾದ ಸೆರಗಿನಲ್ಲಿ ಅರ್ಜಿ ಮಡಿಚಿಟ್ಟುಕೊಂಡು ಮುತವಲ್ಲಿಯವರ ಮನೆಗೆ, ಅವರ ಬೀಬಿಯನ್ನೇ ಕಾಣಬೇಕೆಂದು ಹೊರಟ ಇಮಾಮರ ಹೆಂಡತಿಯ ಕತೆ ಕನ್ನಡದಲ್ಲಿ ಇದುವರೆಗೆ ನಮ್ಮ ಓದಿಗೆ ಸಿಕ್ಕಿಲ್ಲ.